ಗೇರು ಬೀಳುವಾಗ ಧಡ್ ಅನ್ನುತ್ತದಾ? ಗೇರ್‌ಬಾಕ್ಸ್ ಬಿಚ್ಚುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನಮ್ಮದು 2017ರ ಪೆಟ್ರೋಲ್ ಆಟೋಮ್ಯಾಟಿಕ್ ಕಾರು. ಪುಸ್ತಕದಲ್ಲಿ 6 ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಭಾಗ) ಅಂತ ಇದೆ. 78,000 ಕಿ.ಮೀ. ಓಡಿದೆ. ಈಚೆಗೆ ಬೆಳಗ್ಗೆ 'ಪಿ'ಯಿಂದ (ಪಾರ್ಕಿಂಗ್) 'ಆರ್'ಗೆ (ರಿವರ್ಸ್) ಹಾಕುವಾಗ ಧಡ್ ಅಂತ ಜೋರು ಸದ್ದು ಬರುತ್ತದೆ. ರಸ್ತೆಗೆ ಇಳಿದ ಮೇಲೆ 2ನೇ ಗೇರಿನಿಂದ 3ಕ್ಕೆ ಹೋಗುವಾಗ ಜರ್ಕ್. ಬಿಸಿಯಾದ ಮೇಲೆ ಸ್ವಲ್ಪ ಕಡಿಮೆ. ಬ್ಯಾಟರಿ ಬದಲಿಸಿದ್ದು ಬಿಟ್ಟರೆ ಈ ವರ್ಷ ಬೇರೆ ಕೆಲಸ ಮಾಡಿಸಿಲ್ಲ. ಮನೆ ಗುಡ್ಡೆಯ ಮೇಲಿದೆ. ಅಂಗಳದ ತನಕ ಕಾರು ಬರುವುದಿಲ್ಲ, ಏರು ದಾರಿಯಲ್ಲೇ ನಿಲ್ಲಿಸುತ್ತೇವೆ. ಒಂದು ವರ್ಕ್‌ಶಾಪಿನವರು ಒಂದು ಸುತ್ತು ಓಡಿಸಿ ನೋಡಿ, "ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಬದಲಿಸಬೇಕು" ಅಂದರು. ಅದರ ಎಣ್ಣೆ ಲೈಫ್‌ಟೈಮ್, ಬದಲಿಸುವ ಕ್ರಮ ಇಲ್ಲ ಅಂತಲೂ ಹೇಳಿದರು. ಅಪ್ಪ ನಿವೃತ್ತಿಯ ದುಡ್ಡಿನಲ್ಲಿ ತೆಗೆದ ಕಾರು ಇದು. ಮನೆಯಲ್ಲೇ ಏನಾದರೂ ಮಾಡಿ ನೋಡಬಹುದಾ?
– ಓದುಗರೊಬ್ಬರು, ಕುಲಶೇಖರ, ಮಂಗಳೂರು

ಉತ್ತರ: ಮೊದಲು ಒಂದು ಮಾತು. ಎಣ್ಣೆಯ ಬಣ್ಣ ನೋಡದೆ, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕದೆ ಗೇರ್‌ಬಾಕ್ಸ್ ಹೋಗಿದೆ ಅಂತ ಯಾರೂ ಹೇಳಬಾರದು. ಅಪ್ಪನ ದುಡ್ಡಿನ ವಿಷಯ ಓದಿ ನನಗೆ ಬೇಸರವಾಯಿತು. ನೀವು ಬರೆದ ಲಕ್ಷಣಗಳು ನಿಜವಾಗಿ ಗೇರ್‌ಬಾಕ್ಸ್‌ನ ಒಳಗಿನವೇ ಅನ್ನುವುದಕ್ಕೆ ಇನ್ನೂ ಆಧಾರ ಇಲ್ಲ. ಇಂದ್ರಾಳಿಯ ನನ್ನ ಗ್ಯಾರೇಜಿಗೂ "ಗೇರ್‌ಬಾಕ್ಸ್ ಹೋಗಿದೆ" ಅಂತ ಬರುವ ಕಾರುಗಳಲ್ಲಿ ಎಷ್ಟೋ ಕಾರುಗಳ ತೊಂದರೆ ಹೊರಗೇ ಇರುತ್ತದೆ. ಹಾಗಾಗಿ ಹೊರಗಿನಿಂದ ಶುರು ಮಾಡೋಣ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದೂರು ಇವೆ. ಬೆಳಗಿನ ಧಡ್ ಒಂದು, ಓಡುವಾಗಿನ ಜರ್ಕ್ ಇನ್ನೊಂದು. ಇವೆರಡಕ್ಕೂ ಒಂದೇ ಕಾರಣ ಇರಬೇಕಾಗಿಲ್ಲ.

ಧಡ್ ಅನ್ನುವುದಕ್ಕೆ ನನ್ನ ಮೊದಲ ಅನುಮಾನ ನಿಮ್ಮ ಏರು ದಾರಿಯ ಮೇಲೆ. 'ಪಿ'ಗೆ ಹಾಕಿದಾಗ ಗೇರ್‌ಬಾಕ್ಸ್‌ನ ಒಳಗೆ ಒಂದು ಸಣ್ಣ ಕಬ್ಬಿಣದ ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಅದು ಕಾರಿನ ಪೂರ್ತಿ ಭಾರ ಹೊರಲಿಕ್ಕೆ ಅಂತ ಇಟ್ಟದ್ದಲ್ಲ. ಹೆಚ್ಚಿನವರು ಏರಿನಲ್ಲಿ ನಿಲ್ಲಿಸಿ, ಬ್ರೇಕ್ ತುಳಿದುಕೊಂಡೇ 'ಪಿ'ಗೆ ಹಾಕಿ, ಆಮೇಲೆ ಹ್ಯಾಂಡ್‌ಬ್ರೇಕ್ ಎಳೆಯುತ್ತಾರೆ. ಬ್ರೇಕ್ ಬಿಟ್ಟ ಕೂಡಲೇ ಕಾರು ಒಂದಿಷ್ಟು ಹಿಂದೆ ಜರುಗಿ ಆ ಕೊಕ್ಕೆಯ ಮೇಲೆ ಕೂರುತ್ತದೆ. ರಾತ್ರಿಯಿಡೀ ಅಲ್ಲೇ ಭಾರ. ಬೆಳಗ್ಗೆ 'ಪಿ'ಯಿಂದ ತೆಗೆಯುವಾಗ ಅದು ಬಿಗಿಯಾಗಿ ಕಚ್ಚಿಕೊಂಡದ್ದು ಬಿಡುತ್ತದೆ, ಧಡ್ ಅನ್ನುತ್ತದೆ. ಬೆಂದೂರು, ಕದ್ರಿ, ಬಿಜೈ, ಎಲ್ಲಿ ನೋಡಿದರೂ ಮಂಗಳೂರಿನಲ್ಲಿ ಏರು ಇಳಿತವೇ ಅಲ್ವಾ? ಈ ಸದ್ದು ಇಲ್ಲಿ ಜಾಸ್ತಿ ಕೇಳುವುದು ಅದಕ್ಕೇ.

ಇವತ್ತು ರಾತ್ರಿಯಿಂದಲೇ ಹೀಗೆ ಮಾಡಿ. ಕಾರು ನಿಂತ ಮೇಲೆ ಕಾಲು ಬ್ರೇಕಿನ ಮೇಲೇ ಇರಲಿ. ಗೇರು 'ಎನ್'ಗೆ (ನ್ಯೂಟ್ರಲ್) ಹಾಕಿ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಈಗ ಕಾಲು ನಿಧಾನಕ್ಕೆ ಬಿಡಿ, ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ. ಮತ್ತೆ ಬ್ರೇಕ್ ತುಳಿದು 'ಪಿ'ಗೆ ಹಾಕಿ. ಹ್ಯಾಂಡ್‌ಬ್ರೇಕಿಗೆ ಕಾರು ನಿಲ್ಲದೆ ಜಾರಿದರೆ ಅದನ್ನು ಮೊದಲು ಬಿಗಿ ಮಾಡಿಸಬೇಕು. ಚಕ್ರಕ್ಕೆ ಒಂದು ಮುರಕಲ್ಲಿನ ತುಂಡು ಕೊಟ್ಟರೆ ಇನ್ನೂ ಒಳ್ಳೆಯದು. ಬೆಳಗ್ಗೆ ತೆಗೆಯುವಾಗ ಬ್ರೇಕ್ ತುಳಿದು ಮೊದಲು 'ಪಿ'ಯಿಂದ ಹೊರಗೆ ಬನ್ನಿ, ಆಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಸ್ಟಾರ್ಟ್ ಮಾಡಿದ ಕೂಡಲೇ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಮೇಲೆ ಇರುತ್ತದೆ, ಅದು ಕೆಳಗೆ ಇಳಿಯುವ ತನಕ ಕಾಯಿರಿ. ಆರ್‌ಪಿಎಂ ಏರಿರುವಾಗ 'ಆರ್' ಹಾಕಿದರೆ ಒಳ್ಳೆಯ ಗೇರ್‌ಬಾಕ್ಸ್ ಕೂಡ ಹೊಡೆತ ಕೊಡುತ್ತದೆ.

ಇಷ್ಟು ಮಾಡಿಯೂ ಸದ್ದು ಉಳಿದರೆ ಎಂಜಿನ್ ಮೌಂಟಿಂಗ್ ನೋಡಿ. ಎಂಜಿನ್ನು, ಗೇರ್‌ಬಾಕ್ಸ್ ಎರಡೂ ಕೂತಿರುವ ರಬ್ಬರ್ ಅದು. ಈ ಪರೀಕ್ಷೆಗೆ ಇಬ್ಬರು ಬೇಕು, ಸಮತಟ್ಟಾದ ಜಾಗ ಬೇಕು. ಬಾನೆಟ್ ತೆರೆದಿಡಿ. ಅಪ್ಪ ಡ್ರೈವರ್ ಸೀಟಿನಲ್ಲಿ ಕೂತು ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ತುಳಿದು, ಆಕ್ಸಿಲರೇಟರ್ ಮುಟ್ಟದೆ 'ಡಿ'ಯಿಂದ (ಡ್ರೈವ್) 'ಆರ್'ಗೆ, 'ಆರ್'ನಿಂದ 'ಡಿ'ಗೆ ನಿಧಾನವಾಗಿ ಬದಲಿಸಲಿ. ನೀವು ಪಕ್ಕದಲ್ಲಿ ನಿಂತು ಎಂಜಿನ್ ನೋಡಿ. ಕಾರಿನ ಎದುರಿಗಾಗಲಿ ಹಿಂದಾಗಲಿ ಯಾರೂ ನಿಲ್ಲಲೇಬಾರದು. ಎಂಜಿನ್ ಸ್ವಲ್ಪ ಅಲುಗುವುದು ಸರಿ. ಎದ್ದು ಬಿದ್ದ ಹಾಗೆ ಕಂಡರೆ ರಬ್ಬರ್ ಹರಿದಿದೆ. ಅದು ಗೇರ್‌ಬಾಕ್ಸ್‌ನ ಖರ್ಚಿಗೆ ಹತ್ತಿರವೂ ಬರುವುದಿಲ್ಲ.

ಈಗ ಜರ್ಕ್. ನೀವು ಸುಮ್ನೆ ಬರೆದು ಮುಂದೆ ಹೋದ ಬ್ಯಾಟರಿಯ ಮಾತು ನನಗೆ ಮುಖ್ಯ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಅದರದೇ ಒಂದು ಕಂಪ್ಯೂಟರ್ ಇದೆ. ಕ್ಲಚ್ ಪ್ಲೇಟುಗಳು ಸವೆದ ಹಾಗೆ ಎಷ್ಟು ಎಣ್ಣೆಯ ಒತ್ತಡ ಕೊಡಬೇಕು ಅಂತ ಅದು ವರ್ಷಗಟ್ಟಲೆ ಕಲಿತಿರುತ್ತದೆ. ಹಲವು ಕಾರುಗಳಲ್ಲಿ ಬ್ಯಾಟರಿಯ ಸಂಪರ್ಕ ತಪ್ಪಿಸಿದರೆ ಈ ಕಲಿಕೆ ಅಳಿಸಿ ಹೋಗುತ್ತದೆ. ಹೊಸದಾಗಿ ಕಲಿಯುವ ತನಕ ಜರ್ಕ್ ಇರುತ್ತದೆ. ಬ್ಯಾಟರಿ ಬದಲಿಸಿದ ದಿನವೂ ಜರ್ಕ್ ಶುರುವಾದ ದಿನವೂ ಹತ್ತಿರವಾ ಅಂತ ಬಿಲ್ಲು ತೆಗೆದು ನೋಡಿ.

ಜೊತೆಗೆ ಬ್ಯಾಟರಿಯ ಟರ್ಮಿನಲ್‌ಗಳನ್ನೂ ನೋಡಿ. ನಮ್ಮ ಉಪ್ಪುಗಾಳಿಗೆ ಅಲ್ಲಿ ಬಿಳಿ, ಹಸಿರು ಹುಡಿ ಬೇಗ ಕೂರುತ್ತದೆ. ಎಣ್ಣೆಯ ದಾರಿ ತೆರೆದು ಮುಚ್ಚಿ ಗೇರು ಬದಲಿಸುವ ಸೋಲೆನಾಯ್ಡ್ ವಾಲ್ವ್‌ಗಳು ನಡೆಯುವುದು ಕರೆಂಟಿನಿಂದ. ವೋಲ್ಟೇಜ್ ಕುಸಿದರೆ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ. ಎಂಜಿನ್ ಬಂದ್ ಇದ್ದು ಕೆಲವು ಗಂಟೆ ಕಳೆದ ಮೇಲೆ ಮಲ್ಟಿಮೀಟರ್‌ನಲ್ಲಿ 12.4ರಿಂದ 12.7 ವೋಲ್ಟ್, ಎಂಜಿನ್ ಓಡುವಾಗ 13.5ರಿಂದ 14.5 ವೋಲ್ಟ್ ತೋರಿಸಬೇಕು. ಟರ್ಮಿನಲ್ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಹಳೆ ಬ್ರಷ್ ಅದ್ದಿ ಉಜ್ಜಿ, ಒರೆಸಿ ಒಣಗಿಸಿ, ಜೋಡಿಸಿದ ಮೇಲೆ ವ್ಯಾಸಲೀನ್ ಸವರಿ. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಗೇರ್‌ಬಾಕ್ಸ್‌ಗೆ ಹೋಗುವ ಅರ್ಥ್ ವೈರ್ ಇದೆಯಲ್ಲ, ಅದರ ಬೋಲ್ಟಿನ ಬುಡ ತುಕ್ಕು ಹಿಡಿದಿದ್ದರೆ ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿ. ಹಾಗೆಯೇ ಇಲಿ ಕಚ್ಚಿದ ವೈರು ಇದೆಯಾ ನೋಡಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಅವು ಬಂದೇ ಬರುತ್ತವೆ.

ಆಮೇಲೆ ಕಾರಿಗೆ ಪಾಠ ಹೇಳಿಕೊಡಬೇಕು. ಪಣಂಬೂರು, ತಣ್ಣೀರುಬಾವಿ ಕಡೆ ರಸ್ತೆ ಸಮತಟ್ಟಾಗಿದೆ. ಲಾರಿ ಓಡಾಟ ಕಡಿಮೆ ಇರುವ ಭಾನುವಾರ ಬೆಳಗ್ಗೆ ಹೋಗಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಹಗುರವಾಗಿ, ಒಂದೇ ಸಮ ಒತ್ತಿ. ಗೇರುಗಳು ಒಂದೊಂದಾಗಿ ಏರಲಿ. ಆಮೇಲೆ ನಿಧಾನವಾಗಿ ಬ್ರೇಕ್ ಹಿಡಿದು ಪೂರ್ತಿ ನಿಲ್ಲಿಸಿ. ಹೀಗೆ ಹಲವು ಸಲ ಮಾಡಿ. ಕೆಲವು ಕಾರುಗಳಿಗೆ ಸ್ಕ್ಯಾನರ್‌ನಿಂದಲೇ ಇದನ್ನು ಮಾಡಿಸಬೇಕಾಗುತ್ತದೆ.

ಇನ್ನು ಎಣ್ಣೆ. ಲೈಫ್‌ಟೈಮ್ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ಗೇರ್‌ಬಾಕ್ಸ್ ತಯಾರಕ ಝಡ್‌ಎಫ್ ತನ್ನದೇ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಎಣ್ಣೆ ಬದಲಿಸಲು ಹೇಳುತ್ತದೆ. ಸೆಕೆ, ಟ್ರಾಫಿಕ್, ಘಾಟಿ ಮೂರೂ ಇರುವ ನಮ್ಮ ಊರಿನಲ್ಲಿ ನಾನು ಇನ್ನೂ ಬೇಗ ಮಾಡಿಸುತ್ತೇನೆ. ಈ ಎಣ್ಣೆ ಬರೀ ಜಾರಿಕೆಗಲ್ಲ. ಕ್ಲಚ್ ಹಿಡಿಸುವುದೂ ಬಿಡಿಸುವುದೂ ಇದೇ ಎಣ್ಣೆಯ ಒತ್ತಡ. ಅದು ಹಳತಾದರೆ, ಕಡಿಮೆಯಾದರೆ ತಣ್ಣಗಿರುವಾಗ ಜರ್ಕ್ ಬರುವುದು ಸಹಜ.

ಆದರೆ ಈ ಕೆಲಸ ಮಾತ್ರ ನಿಮ್ಮ ಮನೆಯಲ್ಲಿ ಬೇಡ ಮಾರಾಯ್ರೆ. ಈಗಿನ ಹೆಚ್ಚಿನ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆಯ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಇಲ್ಲ. ಎಂಜಿನ್ ಓಡುತ್ತಿರಬೇಕು, ಎಣ್ಣೆ ಕಂಪನಿ ಹೇಳಿದ ಬಿಸಿಗೆ ಬರಬೇಕು, ಆಗ ಕೆಳಗಿನ ಲೆವೆಲ್ ಬೋಲ್ಟ್ ತೆಗೆದು, ಹೆಚ್ಚಾದದ್ದು ಹರಿದು ಹನಿಹನಿಗೆ ಬಂದಾಗ ಮುಚ್ಚಬೇಕು. ಕಾರು ನಾಲ್ಕೂ ಕಡೆ ಒಂದೇ ಮಟ್ಟದಲ್ಲಿ ಇರದಿದ್ದರೆ ಲೆಕ್ಕವೇ ತಪ್ಪು. ಏರು ದಾರಿಯಲ್ಲಿ ಜ್ಯಾಕ್ ಕೊಟ್ಟು ಕಾರಿನ ಅಡಿಗೆ ಹೋದರೆ ಜೀವಕ್ಕೇ ಅಪಾಯ. ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ, ಆದರೆ ಪಕ್ಕದಲ್ಲೇ ನಿಂತು ನೋಡಿ. ಹಳೆ ಎಣ್ಣೆಯನ್ನು ಬಿಳಿ ಡಬ್ಬದಲ್ಲಿ ಹಿಡಿಸಿ. ಕೆಂಪು ಹೋಗಿ ಕಂದಾದರೆ ಹಳತಾಗಿದೆ, ಅಷ್ಟೇ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸುಟ್ಟಿರಬಹುದು. ಎಣ್ಣೆಯ ತಟ್ಟೆಯೊಳಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಹೆದರಬೇಡಿ. ಕೈಗೆ ಸಿಗುವ ಲೋಹದ ಚೂರು ಇದ್ದರೆ ಮಾತ್ರ ಒಳಗೆ ಸವೆತ ಇದೆ. ಪುಸ್ತಕದಲ್ಲಿ ಬರೆದ ಎಣ್ಣೆಯನ್ನೇ ಹಾಕಿಸಿ. "ಎಲ್ಲದಕ್ಕೂ ಆಗುತ್ತದೆ" ಅನ್ನುವ ಡಬ್ಬ ಬೇಡ, ಜರ್ಕ್ ನಿಲ್ಲಿಸುವ ಮದ್ದಿನ ಬಾಟಲಿಯೂ ಬೇಡ. ಒಂದು ಸಲಕ್ಕೆ ಸುಮಾರು ಅರ್ಧ ಎಣ್ಣೆ ಮಾತ್ರ ಹೊರಗೆ ಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲಿ ಉಳಿಯುತ್ತದೆ. ಆದ್ದರಿಂದ ಸ್ವಲ್ಪ ಓಡಿಸಿ ಇನ್ನೊಮ್ಮೆ ಬದಲಿಸುವುದು ಒಳ್ಳೆಯದು. ಹಳೆ ಎಣ್ಣೆ ತೋಡಿಗೆ ಚೆಲ್ಲಲು ಬಿಡಬೇಡಿ. ನಮ್ಮ ಮುರಕಲ್ಲಿನ ನೆಲದಲ್ಲಿ ಅದು ಇಂಗಿ ಯಾರದೋ ಬಾವಿ ಸೇರುತ್ತದೆ.

ಎಂಜಿನ್ ಜೋರು ಮಾಡಿದರೂ ಕಾರು ಮುಂದೆ ಹೋಗದಿದ್ದರೆ, 'ಡಿ' ಹಾಕಿದ ಮೇಲೆ ಎರಡು ಮೂರು ಸೆಕೆಂಡು ಸುಮ್ಮನಿದ್ದರೆ, ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ ಓಡಿಸುವುದು ನಿಲ್ಲಿಸಿ. ಸ್ಕ್ಯಾನರ್‌ನಲ್ಲಿ 'ಪಿ0700' ಅನ್ನುವ ದೋಷದ ಕೋಡ್ ಬಂದರೆ ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಬೇರೆ ಕೋಡ್ ಇದೆ ಅಂತ ಅರ್ಥ, ಅದನ್ನೂ ತೆಗೆಸಿ ಬರೆದುಕೊಳ್ಳಿ. 'ಪಿ0730' ಅಂದರೆ ಹಾಕಿದ ಗೇರಿಗೂ ಓಡುವ ವೇಗಕ್ಕೂ ತಾಳೆ ಇಲ್ಲ. ಆ ಚೀಟಿ ಕೈಯಲ್ಲಿ ಇಟ್ಟುಕೊಂಡು ಇನ್ನೊಬ್ಬ ಮೆಕ್ಯಾನಿಕ್‌ಗೂ ತೋರಿಸಿ. ಗೇರ್‌ಬಾಕ್ಸ್ ಬದಲಿಸುವ ಮಾತು ಅದಾದ ಮೇಲೆ.

ಪ್ರಶ್ನೆ: ನನ್ನದು ಎಎಂಟಿ ಇರುವ ಸಣ್ಣ ಕಾರು. ಗೇರು ಬದಲಾಗುವಾಗ ತಲೆ ಮುಂದಕ್ಕೆ ಬಾಗುತ್ತದೆ. ಆಗುಂಬೆ ಹತ್ತುವಾಗ ಸುಟ್ಟ ವಾಸನೆಯೂ ಬಂತು. ಏನು ಮಾಡಲಿ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಎಎಂಟಿ ನಿಜವಾಗಿ ಮ್ಯಾನ್ಯುವಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರು ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ನಮ್ಮಲ್ಲಿ ಇದು ಮನೆಮಾತಾಯಿತು. ಸ್ವಲ್ಪ ಬಾಗುವುದು ಅದರ ಗುಣ. ಗೇರು ಬದಲಾಗುವ ಹೊತ್ತಿಗೆ ಆಕ್ಸಿಲರೇಟರ್ ಮೇಲಿನ ಕಾಲು ಒಂಚೂರು ಸಡಿಲಿಸಿ, ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ವಾಸನೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಆಗುಂಬೆಯ ತಿರುವಿನಲ್ಲಿ ಬಸ್ಸಿಗೆ ದಾರಿ ಕೊಡಲು ನಿಂತಾಗ ಆಕ್ಸಿಲರೇಟರ್‌ನಿಂದ ಕಾರನ್ನು ಹಿಡಿದು ನಿಲ್ಲಿಸಿದ್ದೀರಿ ಅನಿಸುತ್ತದೆ. ಅದು ನೇರವಾಗಿ ಕ್ಲಚ್ ಉರಿಸುತ್ತದೆ. ಬ್ರೇಕ್ ತುಳಿದೇ ನಿಲ್ಲಿ. ಘಾಟಿಯಲ್ಲಿ ಮ್ಯಾನ್ಯುವಲ್ ಮೋಡ್‌ಗೆ ಹಾಕಿ 1, 2ರಲ್ಲೇ ಹತ್ತಿ, ಇಳಿಯುವಾಗಲೂ ಅದೇ ಗೇರು. ಕ್ಲಚ್ ಸವೆತ ನೋಡಿಸಿ, ಸ್ಕ್ಯಾನರ್‌ನಲ್ಲಿ ಕ್ಲಚ್ ಹೊಂದಿಸುವ ಕೆಲಸ ಮಾಡಿಸಿ.

ಪ್ರಶ್ನೆ: ಕೊಟ್ಟಾರ ಚೌಕಿಯಲ್ಲಿ ಮಳೆನೀರು ನಿಂತಾಗ ಕಾರು ದಾಟಿಸಿದೆ. ಸಿವಿಟಿ ಗೇರ್‌ಬಾಕ್ಸ್. ಈಗ ಹೊರಡುವಾಗ ನಡುಗುತ್ತದೆ.
– ಓದುಗರೊಬ್ಬರು, ಉರ್ವ

ಉತ್ತರ: ಇನ್ನು ಓಡಿಸಬೇಡಿ. ಗೇರ್‌ಬಾಕ್ಸ್‌ಗೆ ಗಾಳಿಯಾಡಲು ಮೇಲೆ ಒಂದು ಸಣ್ಣ ಕೊಳವೆ ಇದೆ. ಬಿಸಿ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆ ಕೊಳವೆಯ ತನಕ ನೀರು ಬಂದಿದ್ದರೆ ಅದು ಒಳಗೆ ಎಳೆದುಕೊಳ್ಳುತ್ತದೆ. ಎಣ್ಣೆ ಮಬ್ಬಾಗಿ ಬಿಳಿಚಿಕೊಂಡಿದ್ದರೆ ನೀರು ಸೇರಿದೆ ಅಂತಲೇ. ಸಿವಿಟಿಯಲ್ಲಿ ಒಂದೊಂದು ಗೇರಿನ ಬದಲು ಉಕ್ಕಿನ ಬೆಲ್ಟ್ ಪುಲ್ಲಿಯನ್ನು ಕಚ್ಚಿ ಓಡಬೇಕು, ನೀರು ಬೆರೆತ ಎಣ್ಣೆಯಲ್ಲಿ ಅದು ಜಾರಿ ಗೀರು ಬೀಳುತ್ತದೆ. ಕಾರನ್ನು ಎಳೆದುಕೊಂಡು ಹೋಗುವುದಾದರೆ ಮುಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಗಾಡಿಯ ಮೇಲೆ ಹೇರಿಸಿ. ಸಿವಿಟಿಗೆ ಅಂತಲೇ ಬರುವ ಎಣ್ಣೆ ಬೇಕು, ಮಾಮೂಲಿ ಆಟೋಮ್ಯಾಟಿಕ್ ಎಣ್ಣೆ ಹಾಕಲು ಬಿಡಬೇಡಿ. ನೀರು ಪೂರ್ತಿ ಹೋಗಬೇಕಾದರೆ ಒಂದಕ್ಕಿಂತ ಜಾಸ್ತಿ ಸಲ ಬದಲಿಸಬೇಕಾಗುತ್ತದೆ. ವಿಮೆ ಇದ್ದರೆ ಬಿಚ್ಚಿಸುವ ಮೊದಲು ಅವರಿಗೆ ತಿಳಿಸಿ, ಎಣ್ಣೆಯ ಫೋಟೊ ತೆಗೆದಿಡಿ.