ಫೀ ಇಲ್ಲ ಅಂದ್ರ ರೇಟ್ ನೋಡ್ರಿ: ಫಾರಿನ್‌ಗೆ ಹೊಂಟವರ ಬ್ಯಾಂಕ್ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆ ಎಲ್ಲಾ ಒಂದ ಜಾತಿವು. ಮಗ ಹೊಂಟಾನ, ಅಳಿಯ ಹೊಂಟಾನ, ನಾನ ಹೊಂಟೀನಿ, ಬ್ಯಾಂಕಿಂದು ಏನ್ ಮಾಡ್ಲಿ ಅಂತ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಕೌಂಟರಿನಾಗ ಕುಂತು ರಿಟೈರ್ ಆದವ ನಾನು, ಕಡೀಗೆ ನಾಕೈದು ವರ್ಷ ಫಾರಿನ್ ಎಕ್ಸ್‌ಚೇಂಜ್ ಟೇಬಲ್ ಮ್ಯಾಲೂ ಇದ್ದೆ. ಗೊತ್ತಿದ್ದಷ್ಟು ಹೇಳ್ತೀನಿ.

ಪ್ರಶ್ನೆ (ಸಿಂಧನೂರಿಂದ ಒಬ್ಬ ರೈತರು): ಸರ್, ನಮ್ಮ ಹುಡುಗ ಎಂ.ಎಸ್. ಓದ್ಲಿಕ್ಕೆ ಜರ್ಮನಿಗೆ ಹೊಂಟಾನ. ವೀಸಾಕ್ಕ ಬ್ಲಾಕ್ಡ್ ಅಕೌಂಟ್ ಅಂತ ಅದ, ಅದ್ರಾಗ 12 ಲಕ್ಷ ಇಡಬೇಕಂತ. ಇದು ಫೀಸಾ ಡಿಪಾಜಿಟ್ಟಾ ತಿಳೀವಲ್ದು. ನಾವು ಭತ್ತ ಬೆಳಿಯೋರು, ಇನ್‌ಕಮ್ ಟ್ಯಾಕ್ಸ್ ಗೀಕ್ಸ್ ಯಾವತ್ತೂ ಕಟ್ಟಿಲ್ಲ. ಒಬ್ರು ‘ಝೀರೋ ಕಮಿಷನ್’ ಅಂತ ಬೋರ್ಡ್ ಹಾಕ್ಯಾರ, ಅವರ ಕಡೆ ಕಳಿಸಿದ್ರ ನಡೀತದೇನು?

ಅಣ್ಣಾರ, ಮೊದ್ಲು ಸಮಾಧಾನದ ಮಾತು. ಅದು ಫೀಸಲ್ಲ, ನಿಮ್ಮ ಹುಡುಗನ ರೊಕ್ಕಾನ. ಅಲ್ಲಿ ಒಂದು ವರ್ಷ ಊಟ, ರೂಮು ಬಾಡಿಗಿಗೆ ಇವನ ಹತ್ರ ರೊಕ್ಕ ಐತಿ ಅಂತ ಸರ್ಕಾರಕ್ಕ ತೋರ್ಸೋಕೆ ಇಡೋದು. 2024ರ ಸೆಪ್ಟೆಂಬರಿಂದ ವರ್ಷಕ್ಕ 11,904 ಯೂರೋ ಮಾಡ್ಯಾರ, ಅಂದ್ರ ತಿಂಗಳಿಗೆ 992. ಹುಡುಗ ಅಲ್ಲಿ ಮುಟ್ಟಿ ಸಾದಾ ಅಕೌಂಟ್ ತಗದ ಮ್ಯಾಲ ತಿಂಗಳಾ ತಿಂಗಳಾ 992 ಯೂರೋ ಅದಕ್ಕ ಬೀಳ್ತೈತಿ, ಒಮ್ಮೆಗೇ ತಗಿಯಾಕ ಬರಂಗಿಲ್ಲ, ಅದಕ್ಕ ಬ್ಲಾಕ್ಡ್ ಅಂತಾರ. ಫೀಸು ಅನ್ನೋದು ಆ ಅಕೌಂಟ್ ನಡಸೋ ಕಂಪನಿದು, ಓಪನ್ ಮಾಡೋ ಚಾರ್ಜ್ ಬ್ಯಾರೆ ತಿಂಗಳ ಚಾರ್ಜ್ ಬ್ಯಾರೆ ಇರ್ತೈತಿ, 12 ತಿಂಗಳದ್ದು ಎರಡೂ ಕೂಡಿಸಿ ನೋಡ್ರಿ, ಬರೇ ಓಪನ್ ಚಾರ್ಜ್ ಕಮ್ಮಿ ಅಂತ ಹೋಗಬ್ಯಾಡ್ರಿ.

ಇನ್ನ ಆ ಝೀರೋ ಕಮಿಷನ್ ಬೋರ್ಡ್. ನೀವು ಭತ್ತ ಮಾರೋರು, ನಿಮ್ಗ ಇದನ್ನ ನಾನು ಹೇಳೋದ ಬ್ಯಾಡ. ವ್ಯಾಪಾರಿ ‘ಕಮಿಷನ್ ಒಂದ್ ರೂಪಾಯಿ ಬ್ಯಾಡ್ರಿ’ ಅಂತಾನ, ಆಮ್ಯಾಲ ಚೀಲಕ್ಕ ಇಷ್ಟು ಅಂತ ತೂಕದಾಗ ಹಿಡಿತಾನ ಹೌದಿಲ್ಲೋ? ಇದೂ ಹಂಗ. ಇಲ್ಲಿ ತೂಕ ಅಂದ್ರ ರೇಟು. ಲೆಕ್ಕಕ್ಕ ಹೇಳ್ತೀನಿ, ಇವತ್ತಿನ ರೇಟ್ ಅಲ್ಲ ಮತ್ತ: ಮಾರ್ಕೆಟಿನಾಗ ಒಂದು ಯೂರೋ 100 ರೂಪಾಯಿ ಐತಿ ಅಂತ ಇಟ್ಕೊಳ್ರಿ. ಝೀರೋ ಕಮಿಷನ್‌ನವ 102.50ಕ್ಕ ಕೊಡ್ತಾನ. 11,904 ಯೂರೋಕ್ಕ ಎರಡೂವರಿ ರೂಪಾಯಿ ಅಂದ್ರ 29,760 ರೂಪಾಯಿ ಹೋತು, ರಸೀದಿ ಮ್ಯಾಲ ಕಮಿಷನ್ ಸೊನ್ನೆ. ಬಾಜೂ ಬ್ಯಾಂಕಿನವ 1,500 ರೂಪಾಯಿ ಚಾರ್ಜ್ ಅಂತ ನೇರ ಹೇಳ್ತಾನ, ಆದ್ರ ರೇಟು 100.80 ಹಾಕ್ತಾನ, ಅವನ ಕಡೆ ಎಲ್ಲಾ ಕೂಡಿ 11 ಸಾವಿರದ ಮ್ಯಾಲ ಸ್ವಲ್ಪ. ಅದಕ್ಕ ಯಾರ್ ಹತ್ರ ಹೋದ್ರೂ ಒಂದ ಪ್ರಶ್ನೆ ಕೇಳ್ರಿ: ‘ಜರ್ಮನಿಯೊಳಗ 11,904 ಯೂರೋ ಮುಟ್ಟಾಕ ನನ್ನ ಅಕೌಂಟಿಂದ ಒಟ್ಟು ಎಷ್ಟ್ ರೂಪಾಯಿ ಕಟ್ ಆಗ್ತೈತಿ?’ ಮೂರು ಕಡೆ ಒಂದ ದಿನ, ಆದ್ರ ಒಂದ ತಾಸಿನೊಳಗ ಕೇಳ್ರಿ, ಯಾಕಂದ್ರ ರೇಟು ಮುಂಜಾನೆ ಒಂದು ಮಧ್ಯಾಹ್ನ ಒಂದು ಇರ್ತೈತಿ. ಬಾಯಿಲೆ ಹೇಳಿದ್ದು ಲೆಕ್ಕಕ್ಕಿಲ್ಲ, ಬರೆಸ್ಕೊಳ್ರಿ. ಮತ್ತ ರೇಟಿನಾಗ ಚೌಕಾಸಿ ನಡೀತೈತ್ರಿ! ಇದು ಭಾಳ ಮಂದಿಗೆ ಗೊತ್ತಿಲ್ಲ, ಬ್ಯಾಂಕ್ ಅಂದಕೂಡ್ಲೆ ಹೇಳಿದ್ದ ರೇಟ್ ಅಂತ ಸುಮ್ನ ಸಹಿ ಹಾಕ್ತಾರ. 10-12 ಲಕ್ಷದ ಗಿರಾಕಿಗೆ ಹತ್ತಿಪ್ಪತ್ತು ಪೈಸೆ ಕಮ್ಮಿ ಮಾಡೋ ಅಧಿಕಾರ ಟೇಬಲ್ ಮ್ಯಾಲ ಕುಂತವರ್ಗೆ ಇರ್ತಿತ್ತು, ನಾನ ಮಾಡಿಕೊಟ್ಟೀನಿ, ಕೇಳಿದವರ್ಗೆ ಮಾತ್ರ.

ಕಳಿಸೋವಾಗ ಇನ್ನೊಂದು ಗುದ್ದಾಟ ಐತಿ. ರೊಕ್ಕ ಇಲ್ಲಿಂದ ಸೀದಾ ಜರ್ಮನಿಗೆ ಹಾರಂಗಿಲ್ಲ, ನಡುವ ಒಂದೋ ಎರಡೋ ಬ್ಯಾಂಕ್ ದಾಟಿ ಹೋಗ್ತೈತಿ, ದಾಟೋವಾಗ ಅವು ತಮ್ಮ ಪಾಲು ಹರ್ಕೊಂತಾವ. ಫಾರಂನಾಗ ಚಾರ್ಜ್ ಯಾರ್ದು ಅಂತ ಒಂದು ಕಾಲಂ ಇರ್ತೈತಿ: ‘ಅವರ್’ (OUR, ಎಲ್ಲಾ ಚಾರ್ಜ್ ಕಳಿಸೋರ್ದು), ‘ಶಾ’ (SHA, ಇಬ್ರೂ ಹಂಚ್ಕೊಳ್ಳೋದು), ‘ಬೆನ್’ (BEN, ಎಲ್ಲಾ ಪಡಿಯೋರ್ದು). ‘ಶಾ’ ಅಂತ ಟಿಕ್ ಹಾಕಿದ್ರ ನಡುವಿನವರ ಕಟ್ಟು ಮುಟ್ಟೋ ರೊಕ್ಕದಾಗ ಹೋಗ್ತೈತಿ. ನಮ್ಮ ಬ್ರಾಂಚಿನಾಗ ಒಬ್ಬ ಹುಡುಗಂದು ಹಂಗ ಆಗಿ, ಅಲ್ಲಿ ಮುಟ್ಟಿದ್ದು 20 ಯೂರೋ ಕಮ್ಮಿ, ಬರೇ 20 ಯೂರೋಕ್ಕ ಬ್ಲಾಕ್ಡ್ ಅಕೌಂಟಿನ ಕನ್ಫರ್ಮೇಶನ್ ಲೆಟರ್ ಬರ್ಲಿಲ್ಲ, ಮತ್ತ 20 ಯೂರೋ ಕಳಿಸಾಕ ಮತ್ತ ಪೂರಾ ಚಾರ್ಜು, ವೀಸಾ ಡೇಟ್ ಎರಡು ವಾರ ಮುಂದ. ತಪ್ಪು ಕೌಂಟರಿನಾಗ ಇದ್ದ ನಮ್ದ, ಹುಡುಗಂದಲ್ಲ. ಅದಕ್ಕ ‘ಅವರ್’ ಅಂತ ಹಾಕ್ಸ್ರಿ, ಮ್ಯಾಲ ಒಂದೈವತ್ತು ಯೂರೋ ಜಾಸ್ತಿ ಕಳಿಸ್ರಿ, ಎಲ್ಲೂ ಹೋಗಂಗಿಲ್ಲ ಹುಡುಗಂಗ ಸಿಗ್ತೈತಿ.

ಈಗ ಟಿಸಿಎಸ್. ನೀವು ಟ್ಯಾಕ್ಸ್ ಕಟ್ಟಲ್ಲ ಅಂದ್ರೆಲ್ಲ, ನಿಮ್ಗ ಮುಖ್ಯ ಇದು. ಹೊರದೇಶಕ್ಕ ರೊಕ್ಕ ಕಳಿಸಿದ್ರ ಬ್ಯಾಂಕು ಸರ್ಕಾರಕ್ಕ ಒಂದು ಪಾಲು ಹಿಡಿತೈತಿ, 2025ರ ಏಪ್ರಿಲಿಂದ ಒಂದು ಹಣಕಾಸು ವರ್ಷದಾಗ ಒಬ್ರ ಪ್ಯಾನ್ ಮ್ಯಾಲ 10 ಲಕ್ಷದ ತನಕ ಏನೂ ಹಿಡಿಯಂಗಿಲ್ಲ, ಅದರ ಮ್ಯಾಲಿನದಕ್ಕ ಮಾತ್ರ. ನಿಮ್ದು ಸುಮಾರು 11 ಲಕ್ಷ 90 ಸಾವಿರ ಅಂದ್ರ 1 ಲಕ್ಷ 90 ಸಾವಿರದ ಮ್ಯಾಲ ಮಾತ್ರ ಆ ಪಾಲು ಹಿಡಿತಾರ. ತಪ್ಪಿಸ್ಕೊಳ್ಳಾಕ ಕಾನೂನಿನ ದಾರೀನ ಅದಾವ. ಎಜುಕೇಶನ್ ಲೋನ್ ಮಂಜೂರಾಗಿದ್ರ ಆ ಲೋನಿನ ರೊಕ್ಕಕ್ಕ ಟಿಸಿಎಸ್ ಇಲ್ಲ. ಇಲ್ಲಾಂದ್ರ ನಿಮ್ಮ ಮನ್ಯಾಗ ಅಕ್ಕಾರ ಹೆಸರಿಲೆ ಪ್ಯಾನು, ಅವರ ಸ್ವಂತ ರೊಕ್ಕ ಇದ್ರ ಎರಡು ಲಕ್ಷ ಅವರ ಅಕೌಂಟಿಂದ ಹೋಗ್ಲಿ. ಫಾರಂನಾಗ ಪರ್ಪಸ್ ಅನ್ನೋ ಕಡೆ ಓದಿಗೆ ಅಂತಾನ ಬರ್ಸ್ರಿ, ಗಿಫ್ಟ್, ಮನಿಖರ್ಚು ಅಂತ ಬರದ್ರ ಅದರ ರೇಟು 20 ಪರ್ಸೆಂಟ್ ಐತಿ. ಅಷ್ಟಾಗಿ ಹಿಡಿದ್ರೂ ಅದು ಮುಳುಗಿದ ರೊಕ್ಕ ಅಲ್ರಿ, ರಿಟರ್ನ್ ಫೈಲ್ ಮಾಡಿದ್ರ ವಾಪಸ್ ಬರ್ತೈತಿ. ಹೊಲದ ಆದಾಯಕ್ಕ ಟ್ಯಾಕ್ಸ್ ಇಲ್ಲ ಅಂತ ರಿಟರ್ನೂ ಬ್ಯಾಡ ಅಂತ ಕುಂತ್ರ ಮಾತ್ರ ಅದು ಅಲ್ಲೇ ಉಳಿತೈತಿ. ಇದರ ಜೋಡಿ ರೂಪಾಯಿ ಯೂರೋ ಮಾಡಿದ್ದಕ್ಕ ಜಿಎಸ್‌ಟಿ ಬ್ಯಾರೆ, 12 ಲಕ್ಷಕ್ಕ ಸಾವಿರದ ಮ್ಯಾಲ ಚಿಲ್ರೆ, ಅದಕ್ಕ ತಲಿ ಕೆಡಿಸ್ಕೊಬ್ಯಾಡ್ರಿ.

ಹುಡುಗ ಅಲ್ಲಿ ಇಳಿದ ಮ್ಯಾಲ ಮೊದಲ ಕೆಲಸ ಊರಿನ ಆಫೀಸಿನಾಗ ವಿಳಾಸ ರಿಜಿಸ್ಟರ್ ಮಾಡಿಸೋದು, ಅಲ್ಲಿ ಅದಕ್ಕ ಆನ್‌ಮೆಲ್ಡುಂಗ್ ಅಂತಾರ. ಆ ಚೀಟಿ ಇದ್ರ ಅಕೌಂಟ್ ಸಲೀಸು. ಓದೋ ಹುಡುಗರ್ಗೆ ತಿಂಗಳ ಚಾರ್ಜ್ ಇಲ್ಲದ ಅಕೌಂಟ್ ಭಾಳ ಬ್ಯಾಂಕಿನಾಗ ಅದಾವ, ಎಷ್ಟು ವಯಸ್ಸಿನ ತನಕ ಅಂತ ಕೇಳ್ಕೊಳ್ಳಾಕ ಹೇಳ್ರಿ, ಯಾಕಂದ್ರ ಆ ವಯಸ್ಸು ದಾಟಿದ ತಿಂಗಳಿಂದ ಸುಮ್ನ ಚಾರ್ಜ್ ಶುರು ಆಗ್ತೈತಿ. ಯಾವ ಎಟಿಎಂನಾಗ ಫ್ರೀ ಅಂತಾನೂ ಕೇಳ್ಳಿ. ನಮ್ಮಂಗ ಯಾವ ಮಷೀನಿಗೆ ಬೇಕಾದ್ರೂ ಕಾರ್ಡ್ ಹಾಕೋ ಚಟ ಅಲ್ಲಿ ತುಟ್ಟಿ ಬೀಳ್ತೈತಿ.

ಪ್ರಶ್ನೆ (ತೋರಣಗಲ್ಲಿಂದ, ಫಿಟ್ಟರ್): ಸಾರ್, ದುಬೈ ಕಂಪ್ನಿಗೆ ಸೆಲೆಕ್ಟ್ ಆಗೀನಿ. ಏಜೆಂಟ್ ಅಲ್ಲಿ ಬ್ಯಾಂಕ್ ಅಕೌಂಟ್ ಮಾಡ್ಸಾಕ 15 ಸಾವಿರ ಕೇಳ್ತಾನೆ. ಕೊಡಬೇಕಾ? ಇಲ್ಲಿ ನನ್ನ ಎಸ್‌ಬಿ ಅಕೌಂಟಿಗೇ ರೊಕ್ಕ ಹಾಕ್ಕಂಡ್ರೆ ಆಗಲ್ವಾ?

ತಮ್ಮಾ, ಒಂದ್ ಪೈಸೆ ಕೊಡಬ್ಯಾಡ. ಅಲ್ಲಿ ಸಂಬಳ ಬ್ಯಾಂಕ್ ಮೂಲಕಾನ ಕೊಡಬೇಕು ಅಂತ ಅಲ್ಲಿನ ಸರ್ಕಾರದ ವ್ಯವಸ್ಥೆ ಐತಿ, 2009ರಿಂದ. ಅಕೌಂಟೋ ಸ್ಯಾಲರಿ ಕಾರ್ಡೋ ಕಂಪನಿನ ಮಾಡಿಸ್ತೈತಿ, ಅದೂ ನೀ ಅಲ್ಲಿಗೆ ಹೋಗಿ ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ) ಕೈಗೆ ಬಂದ ಮ್ಯಾಲ. ಇಲ್ಲಿ ಕುಂತ ಏಜೆಂಟ್ ಯಾವ ಅಕೌಂಟ್ ತಗಿತಾನ? ರಿಜಿಸ್ಟರ್ಡ್ ಏಜೆಂಟ್ ಆದ್ರ ಅವನ ಒಟ್ಟು ಫೀಸ 30,000 ಪ್ಲಸ್ ಜಿಎಸ್‌ಟಿ ದಾಟಂಗಿಲ್ಲ ಅಂತ ರೂಲ್ ಐತಿ, ಅವನ ಹೆಸರು ನಮ್ಮ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಾಗ ಐತೋ ಇಲ್ಲೋ ಮೊದ್ಲು ನೋಡು. ಇಲ್ಲಾಂದ್ರ ಅಕೌಂಟ್ ಮಾತು ಬಿಡು, ಕೆಲಸದ ಮಾತಾನ ಅನುಮಾನ.

ಇಲ್ಲಿನ ಅಕೌಂಟಿಂದು ಮಾತ್ರ ನೀನ ಮಾಡಬೇಕಾದ ಕೆಲಸ. ಕೆಲಸಕ್ಕಂತ ಹೊರದೇಶಕ್ಕ ಹೋದ ಮ್ಯಾಲ ಫೆಮಾ ಅನ್ನೋ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ನೀ ಎನ್‌ಆರ್‌ಐ, ಸಾದಾ ಎಸ್‌ಬಿ ಹಂಗ ಇಟ್ಕೊಳ್ಳಾಕ ಬರಂಗಿಲ್ಲ, ಅದನ್ನ ಎನ್‌ಆರ್‌ಒ ಮಾಡಿಸಬೇಕು. ಮಂದಿ ಮಾಡ್ಸಂಗಿಲ್ಲ, ‘ಯಾರ್ ನೋಡ್ತಾರ’ ಅಂತಾರ. ನೋಡೋ ದಿನ ಬರ್ತೈತಿ, ಮನಿ ಕಟ್ಟಿಸಾಕ ಲೋನ್ ಕೇಳಿದ ದಿನ. ಎನ್‌ಆರ್‌ಒ ಇಲ್ಲಿನ ಬಾಡಿಗಿ, ಹಳೇ ರೊಕ್ಕಕ್ಕ. ಅಲ್ಲಿಂದ ಕಳಿಸೋ ಸಂಬಳಕ್ಕ ಬ್ಯಾರೆ ಒಂದು ಎನ್‌ಆರ್‌ಇ ತಗಿ. ವ್ಯತ್ಯಾಸ ಇಷ್ಟ: ಎನ್‌ಆರ್‌ಇ ಬಡ್ಡಿಗೆ ಇಲ್ಲಿ ಟ್ಯಾಕ್ಸ್ ಇಲ್ಲ, ಎನ್‌ಆರ್‌ಒ ಬಡ್ಡಿಯೊಳಗ ಸೆಸ್ ಸೇರಿ 31.2 ಪರ್ಸೆಂಟ್ ಮೊದ್ಲ ಹಿಡಿತಾರ. ಅಪ್ಪಿ ತಪ್ಪಿ ಸಂಬಳ ಎನ್‌ಆರ್‌ಒಕ್ಕ ಹಾಕಿ ಅಲ್ಲೇ ಎಫ್‌ಡಿ ಮಾಡಿದ್ರ ಮೂರ್ನಾಕು ವರ್ಷಕ್ಕ ಹೋಗೋ ರೊಕ್ಕ ಯಾವ ಬ್ಯಾಂಕ್ ಚಾರ್ಜಿಗಿಂತ ದೊಡ್ಡದು. ಎನ್‌ಆರ್‌ಇ ಎಫ್‌ಡಿ ಒಂದು ವರ್ಷ ತುಂಬೋದ್ರೊಳಗ ಒಡದ್ರ ಬಡ್ಡಿ ಸೊನ್ನೆ, ಅದೂ ತಲ್ಯಾಗ ಇರ್ಲಿ. ಮನ್ಯಾಗ ಹೆಂಡ್ತಿಗೆ ಖರ್ಚಿಗೆ ತಗಿಯಾಕ ಬೇಕಲ್ಲ, ಅದಕ್ಕ ಅಕೌಂಟಿಗೆ ಮ್ಯಾಂಡೇಟ್ (ನಿನ್ನ ಅಕೌಂಟಿಂದ ಅಕಿ ರೊಕ್ಕ ತಗಿಯಾಕ ಬ್ಯಾಂಕಿಗೆ ಕೊಡೋ ಒಪ್ಪಿಗಿ) ಬರ್ಕೊಡು, ಎಟಿಎಂ ಪಿನ್ ಕೊಟ್ಟು ಹೋಗೋ ಕೆಲಸ ಬ್ಯಾಡ.

ಹೊಂಡೋಕಿನ ಮೊದ್ಲ ಬ್ರಾಂಚಿಗೆ ಹೋಗಿ ಇದೆಲ್ಲಾ ಮುಗ್ಸು, ಎದುರಿಗೆ ನಿಂತು ಸಹಿ ಹಾಕಿದ್ರ ಒಂದು ದಿನದ ಕೆಲಸ, ದುಬೈಯಿಂದ ಕಾಗದ ಅಟೆಸ್ಟ್ ಮಾಡ್ಸಿ ಕೊರಿಯರ್ ಮಾಡಾಕ ಹೋದ್ರ ತಿಂಗಳ ಸವಿತೈತಿ. ಊರಾಗಿನ ಸಣ್ಣ ಬ್ರಾಂಚಿನವರು ‘ಎನ್‌ಆರ್‌ಇ ನಮ್ಗ ಗೊತ್ತಿಲ್ರಿ’ ಅಂದ್ರ ಬೈಬ್ಯಾಡ, ಅವರ್ಗೆ ವರ್ಷಕ್ಕ ಒಂದು ಬರಂಗಿಲ್ಲ, ಬಳ್ಳಾರಿ ಇಲ್ಲಾ ಹೊಸಪೇಟೆ ಮೇನ್ ಬ್ರಾಂಚಿಗೆ ಹೋಗು. ಮಿನಿಮಮ್ ಬ್ಯಾಲೆನ್ಸ್ ಕೇಳು. ಕೆನರಾ ಬ್ಯಾಂಕು 2025ರ ಜೂನಿಂದ ಎನ್‌ಆರ್‌ಐ ಸೇವಿಂಗ್ಸಿಗೂ ಮಿನಿಮಮ್ ಬ್ಯಾಲೆನ್ಸ್ ದಂಡ ತಗದೈತಿ, ಖಾಸಗಿ ಬ್ಯಾಂಕಿನಾಗ 10 ಸಾವಿರ, ಅದಕ್ಕೂ ಜಾಸ್ತಿ ಕೇಳೋವು ಅದಾವ. ಮೊಬೈಲ್ ನಂಬರ್ ಸಾಯಾಕ ಬಿಡಬ್ಯಾಡ, ಓಟಿಪಿ ಎಲ್ಲಾ ಅದಕ್ಕ ಬರ್ತೈತಿ. ಯುಪಿಐ ಮಾತ್ರ ದುಬೈ ನಂಬರಿನ ಮ್ಯಾಲೂ ನಡಿಸ್ಬಹುದು, 2023ರಾಗ 10 ದೇಶದ ನಂಬರಿಗೆ ಒಪ್ಪಿಗಿ ಕೊಟ್ಟಾರ, ಅದ್ರಾಗ ಯುಎಇ ಐತಿ, ನಿನ್ನ ಬ್ಯಾಂಕ್ ಅದನ್ನ ಶುರು ಮಾಡೈತೋ ಇಲ್ಲೋ ಅಷ್ಟು ಕೇಳ್ಕೊ.

ಅಲ್ಲಿನ ಸಾದಾ ಅಕೌಂಟಿನಾಗ 3,000 ದಿರ್ಹಮ್ ಇಡು, ಇಲ್ಲಾಂದ್ರ ತಿಂಗಳಿಗೆ 25 ದಿರ್ಹಮ್ ಅನ್ನೋದು ಭಾಳ ಕಡೆ ಇರೋ ಪದ್ಧತಿ, ಸಂಬಳ ಬೀಳೋ ಅಕೌಂಟಿಗೆ ಮಾಫಿ ಸಿಗ್ತೈತಿ. ಊರಿಗೆ ಕಳಿಸೋವಾಗ ವಾರಾ ವಾರಾ 200-300 ದಿರ್ಹಮ್ ಕಳಿಸಬ್ಯಾಡ, ಚಾರ್ಜ್ ಒಂದೊಂದು ಸಲಕ್ಕ ಇಷ್ಟು ಅಂತ ಇರ್ತೈತಿ, ತಿಂಗಳಿಗೆ ಒಂದ ಸಲ ಕಳಿಸು. ಕೆಲಸ ಬಿಟ್ಟು ಬರೋ ದಿನ ಅಕೌಂಟ್ ಕ್ಲೋಸ್ ಮಾಡಿಸಿ ಲೆಟರ್ ತಗೊಂಡ ವಿಮಾನ ಹತ್ತು. ಹಂಗ ಬಿಟ್ಟು ಬಂದವರ ಕತಿ ಭಾಳ ಕೇಳೀನಿ, ಖಾಲಿ ಅಕೌಂಟಿಗೆ ಚಾರ್ಜ್ ಬಿದ್ದು ಬಿದ್ದು ಬಾಕಿ ಆಗಿ, ಮತ್ತ ವೀಸಾ ಸಿಕ್ಕು ಹೋದಾಗ ಅದ ಮುಂದ ನಿಂತಿರ್ತೈತಿ.

ಪ್ರಶ್ನೆ (ಗಂಗಾವತಿಯಿಂದ, ನರ್ಸ್): ಇಂಗ್ಲೆಂಡಿಗೆ ಹೊಂಟೀನ್ರಿ ಸರ್. ಮನಿ ಬಾಡಿಗಿ ಹಿಡಿಯಾಕ ಬ್ಯಾಂಕ್ ಅಕೌಂಟ್ ಬೇಕಂತ, ಅಕೌಂಟ್ ತಗಿಯಾಕ ಮನಿ ವಿಳಾಸ ಬೇಕಂತ. ಮೊದ್ಲು ಯಾವ್ದು ಮಾಡ್ಲಿ?

ನಗು ಬರ್ತೈತಿ ತಂಗಿ, ಆದ್ರ ಎಲ್ಲರ ಪಾಡೂ ಅದ. ನಿಮ್ಮ ಆಸ್ಪತ್ರೆಯವರ ಹತ್ರ, ಇಂಥವರು ನಮ್ಮಲ್ಲಿ ಕೆಲಸಕ್ಕ ಬಂದಾರ, ಇಂಥಾ ವಿಳಾಸದಾಗ ಅದಾರ ಅಂತ ಲೆಟರ್ ತಗೋರಿ, ಭಾಳ ಬ್ಯಾಂಕು ಒಪ್ತಾವ. ಅದೂ ತಡ ಆದ್ರ ಮಾನ್ಝೋ, ಸ್ಟಾರ್ಲಿಂಗ್ ಅಂತ ಬರೇ ಆ್ಯಪಿನಾಗ ನಡಿಯೋ ಬ್ಯಾಂಕ್ ಅದಾವ, ಅವು ಬಾಡಿಗಿ ಕರಾರು, ಕರೆಂಟ್ ಬಿಲ್ ಅಂತ ಅಷ್ಟು ಕಾಡಂಗಿಲ್ಲ. ಮತ್ತ ಅಲ್ಲಿ ‘ಕರೆಂಟ್ ಅಕೌಂಟ್’ ಅಂದಕೂಡ್ಲೆ ಅಂಗಡಿಯವರದ್ದು ಅಂತ ಅಂಜಬ್ಯಾಡ್ರಿ, ನಮ್ಮ ಸಂಬಳದ ಅಕೌಂಟಿಗೆ ಅವರು ಅನ್ನೋದ ಹಂಗ. ಸಾದಾದ್ದಕ್ಕ ತಿಂಗಳ ಚಾರ್ಜ್ ಇರಂಗಿಲ್ಲ. ಟ್ರಾವೆಲ್ ಇನ್ಶೂರೆನ್ಸ್, ಮೊಬೈಲ್ ಇನ್ಶೂರೆನ್ಸ್ ಕಟ್ಟಿ ತಿಂಗಳಿಗೆ ಇಷ್ಟು ಪೌಂಡ್ ಅನ್ನೋ ಅಕೌಂಟ್ ತೋರಿಸ್ತಾರ, ಬ್ಯಾಡ ಅನ್ರಿ.

ಅಲ್ಲಿತನಕ ಇಲ್ಲಿನ ಕಾರ್ಡ್ ಉಜ್ಜೋವಾಗ ಒಂದು ಎಚ್ಚರ. ಮಷೀನು ‘ರೂಪಾಯಿಲೆ ಕೊಡ್ತೀರಾ ಪೌಂಡಿಲೆ ಕೊಡ್ತೀರಾ’ ಅಂತ ಕೇಳ್ತೈತಿ. ರೂಪಾಯಿ ನೋಡಿ ತವರುಮನಿ ಕಂಡಂಗ ಆಗಿ ಅದನ್ನ ಒತ್ತಿಬಿಡ್ತೀವಿ, ಅಲ್ಲೇ ಹಿಡಿತಾರ, ಆ ರೇಟು ಅವರು ಹಾಕಿದ್ದು. ಯಾವಾಗ್ಲೂ ಪೌಂಡ್ ಒತ್ರಿ. ನಮ್ಮ ಡೆಬಿಟ್ ಕಾರ್ಡಿಗೆ ಸಾಮಾನ್ಯವಾಗಿ ಮೂರೂವರಿ ಪರ್ಸೆಂಟ್ ಮಾರ್ಕಪ್ಪು (ಫಾರಿನ್ ರೊಕ್ಕದಾಗ ಖರ್ಚು ಮಾಡಿದ್ದಕ್ಕ ಬ್ಯಾಂಕ್ ಹಾಕೋ ಹೆಚ್ಚಿನ ಚಾರ್ಜ್), ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ, ಎರಡೂ ಕೂಡಿ ನೂರಕ್ಕ ನಾಕು ರೂಪಾಯಿ ಮ್ಯಾಲ. ಹೊಂಡೋಕಿನ ಮೊದ್ಲ ಮಾರ್ಕಪ್ ಇಲ್ಲದ ಕಾರ್ಡ್ ಒಂದು ಮಾಡಿಸ್ಕೊಳ್ರಿ.

ಪ್ರಶ್ನೆ (ಕುಷ್ಟಗಿಯಿಂದ): ಮಗ ಕೆನಡಾಕ್ಕ ಹೋಗಿ ಮೂರು ವರ್ಷ ಆತು. ಗ್ರಾಮೀಣ ಬ್ಯಾಂಕಿನಾಗ ಅವನ ಹಳೇ ಅಕೌಂಟ್ ಹಂಗ ಐತಿ, 6 ಸಾವಿರ ಅದಾವ. ದಂಡ ಹಾಕಿ ಎಲ್ಲಾ ನುಂಗ್ಯಾರೇನೋ?

ಇಲ್ರಿ ಅವ್ವಾರ. ಎರಡು ವರ್ಷ ಯಾರೂ ಮುಟ್ಟದಿದ್ರ ಅಕೌಂಟ್ ಮಲಗ್ತೈತಿ, ಹಂಗ ಮಲಗಿದ ಅಕೌಂಟಿಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕಬಾರ್ದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಐತಿ, 2024ರ ಏಪ್ರಿಲಿಂದ. ಎಬ್ಬಿಸಾಕೂ ಚಾರ್ಜ್ ಇಲ್ಲ, ಆದ್ರ ಕೆವೈಸಿ ಹೊಸದಾಗಿ ಕೇಳ್ತಾರ. 10 ವರ್ಷ ಹಂಗ ಬಿಟ್ರ ರೊಕ್ಕ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗ್ತೈತಿ, ಆವಾಗೂ ಕೇಳಿ ತಗೋಬಹುದು, ಓಡಾಟ ಜಾಸ್ತಿ. ಪಾಸ್‌ಬುಕ್ ಮ್ಯಾಲ ಹಳೇ ಬ್ಯಾಂಕಿನ ಹೆಸರಿದ್ರ ಗಾಬರಿ ಆಗಬ್ಯಾಡ್ರಿ, 2025ರ ಮೇದಾಗ ನಮ್ಮ ಗ್ರಾಮೀಣ ಬ್ಯಾಂಕೂ ಧಾರವಾಡದ್ದೂ ಕೂಡಿ ಒಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗೈತಿ, ಹೆಡ್ ಆಫೀಸ್ ಬಳ್ಳಾರಿಯೊಳಗಾನ ಐತಿ. ಮಗ ಮುಂದಿನ ಸಲ ಊರಿಗೆ ಬಂದಾಗ ಪಾಸ್‌ಪೋರ್ಟು, ಪ್ಯಾನು, ವೀಸಾ ಹಿಡ್ಕೊಂಡು ಒಂದು ಮುಂಜಾನೆ ಬ್ರಾಂಚಿಗೆ ಹೋಗ್ಲಿ, ಇಟ್ಕೊಳ್ಳೋದಾದ್ರ ಎನ್‌ಆರ್‌ಒ ಮಾಡಿಸ್ಲಿ, ಬ್ಯಾಡಾದ್ರ ಕ್ಲೋಸ್ ಮಾಡಿ 6 ಸಾವಿರ ನಿಮ್ಮ ಕೈಗೆ ಕೊಟ್ಟು ಹೋಗ್ಲಿ.