ಒಡ್ಡೋಲಗಕ್ಕೆ ಸಮಯ ಇಲ್ಲವಂತೆ

ಕುಂದಾಪುರದ ಓದುಗರೊಬ್ಬರು ಬರೆದಿದ್ದಾರೆ: “ಕಲೆ, ಪೂಜೆ, ತತ್ವಶಾಸ್ತ್ರ ಎಲ್ಲಕ್ಕೂ ಫಾರ್ಮಲಿಸಂ, ಅಂದರೆ ರೂಪ, ನಿಯಮಗಳಿಗೇ ಜೋತುಬೀಳುವ ರೋಗ ಹಿಡಿದಿದೆ. ಭಾವ ಇದ್ದರೆ ಸಾಲದೇ? ಯಕ್ಷಗಾನದಲ್ಲಿ ಕಥೆಗೆ ಮೊದಲಿನ ಪೂರ್ವರಂಗ, ಪಾತ್ರಗಳು ಕುಣಿಯುತ್ತ ರಂಗಕ್ಕೆ ಬರುವ ಒಡ್ಡೋಲಗ ಈಗ ಯಾರಿಗೆ ಬೇಕು?”

ಸಿಟ್ಟಿನಲ್ಲಿ ಬರೆದರೂ ಯೋಚಿಸಿ ಬರೆದಿದ್ದೀರಿ, ಸಂತೋಷ. ಮನಸ್ಸಿಲ್ಲದ ಆಚಾರವನ್ನು ನಮ್ಮ ಶರಣರು, ದಾಸರೂ ಬೈದಿದ್ದಾರೆ, ಒಪ್ಪಿದೆ. ಆದರೆ ಪುರಂದರದಾಸರು ಹಾಗೆ ಬೈದದ್ದು ಪಲ್ಲವಿ, ಚರಣ, ತಾಳ ಬಿಡದೆ, ಅಲ್ವಾ? ಮಕ್ಕಳು ಇಂದಿಗೂ ಕಲಿಯುವ ಸಂಗೀತದ ಮೊದಲ ಪಾಠ ಸರಳೆ ವರಸೆ ಅವರದೇ ಎಂದು ಸಂಗೀತಗಾರರು ನಂಬುತ್ತಾರೆ.

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನೀವು ಹೇಳಿದ ತತ್ವಶಾಸ್ತ್ರವನ್ನೇ ತೆಗೆದುಕೊಳ್ಳಿ. ಜರ್ಮನ್ ಗಣಿತಜ್ಞ ಹಿಲ್ಬರ್ಟ್ ಗಣಿತವನ್ನು ಚಿಹ್ನೆ ಮತ್ತು ನಿಯಮಗಳ ಮೇಲೆ ನಿಲ್ಲಿಸಿ ಭದ್ರಪಡಿಸಲು ಹೊರಟರು. 1931ರಲ್ಲಿ ತರ್ಕಶಾಸ್ತ್ರಜ್ಞ ಗೋಡೆಲ್ ಅದರ ಮಿತಿ ತೋರಿಸಿದರು, ಅದೂ ಕಟ್ಟುನಿಟ್ಟಾದ ನಿಯಮಗಳ ದಾರಿಯಲ್ಲೇ. ಇನ್ನು ಪೂಜೆ. ಉಡುಪಿಯಲ್ಲಿ ಕೃಷ್ಣಪೂಜೆಯ ಸರದಿ ಬದಲಾಗುವ ಪರ್ಯಾಯದಲ್ಲಿ 2 ವರ್ಷಕ್ಕೊಮ್ಮೆ ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತವೆ. ಅಧಿಕಾರದ ಜೊತೆಗೆ ಅನ್ನ ಬಡಿಸುವ ಹೊಣೆಯೂ ಬಂತು ಎಂದು ಆ ಸಟ್ಟುಗವೇ ಹೇಳುತ್ತದೆ. ಅದಕ್ಕೆ ಭಾಷಣ ಬೇಕೇ?

ನೀವು ಬೈಗುಳವಾಗಿ ಬಳಸಿದ ಫಾರ್ಮಲಿಸಂ ಎಂಬ ಮಾತಿಗೆ ಕೆಟ್ಟ ಚರಿತ್ರೆ ಉಂಟು. 1936ರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪ್ರಾವ್ದಾ ಪತ್ರಿಕೆ ಸಂಗೀತ ಸಂಯೋಜಕ ಶೋಸ್ತಕೋವಿಚ್‌ರ ಒಪೆರಾವನ್ನು ಹೀಗೇ ಹಳಿಯಿತು. 1948ರಲ್ಲಿ ಪಕ್ಷವೇ ಅವರನ್ನೂ ಇನ್ನೊಬ್ಬ ಸಂಯೋಜಕ ಪ್ರೊಕೊಫಿಯೆವ್‌ರನ್ನೂ ಇದೇ ಆರೋಪ ಹೊರಿಸಿ ಖಂಡಿಸಿತು. ನಿಮ್ಮ ಸಂಗೀತ ಜನರಿಗೆ ದೂರ ಅಂದರು. ಒಡ್ಡೋಲಗ ಬೇಡವೆನ್ನುವ ನಮ್ಮ ಯಕ್ಷಗಾನ ಸಂಘಟಕರೂ ಜನರ ಹೆಸರಿನಲ್ಲೇ ಮಾತಾಡುತ್ತಾರೆ.

ಒಡ್ಡೋಲಗ ನೋಡಿದ್ದೀರಲ್ಲ? ಇಬ್ಬರು ಹಿಡಿದ ತೆರೆ. ಅದರ ಹಿಂದೆ ಕಿರೀಟ ಮಾತ್ರ ಕಾಣುತ್ತದೆ. ಚೆಂಡೆ ಏರುತ್ತದೆ. ಪಾಂಡವರ ಕುಣಿತ ಬೇರೆ, ಕಿರಾತನದು ಬೇರೆ, ರಾಕ್ಷಸರ ಬಣ್ಣದ ವೇಷದ್ದು ಬೇರೆಯೇ. ಒಂದು ಮಾತೂ ಆಡದೆ ಬಂದವನು ಯಾರೆಂದು ತಿಳಿಯುತ್ತದೆ, ಮೈ ಜುಂ ಎನ್ನುತ್ತದೆ. ನೀವು ಕೇಳುವ ಭಾವ ಹುಟ್ಟುವುದೇ ಅಲ್ಲಿ.

ಮೇಳಗಳ ಕಳೆದ ತಿರುಗಾಟದಲ್ಲಿ ಒಂದು ಸಭಾಂಗಣದ ಕಾಲಮಿತಿ ಆಟಕ್ಕೆ ಹೋಗಿದ್ದೆ. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ಸ್ವಾಗತ, ಧನ್ಯವಾದ ಎಲ್ಲ ಸಾವಕಾಶವಾಗಿ ನಡೆದವು. ಆಮೇಲೆ ಹಾಡುತ್ತ ಆಟ ನಡೆಸುವ ಭಾಗವತರಿಗೆ ಚೀಟಿ ಬಂತು: ಒಡ್ಡೋಲಗ ಬೇಡ, ನೇರ ಕಥೆಗೆ ಬನ್ನಿ. ಹೊಟ್ಟೆ ಉರಿಯಿತು. ಮದುವೆಯಲ್ಲೂ ಇದೇ ಕಥೆ. ಮಂತ್ರ ಬೇಗ ಮುಗಿಸಿ ಅನ್ನುವವರೇ ವಿಡಿಯೋದವನು ಹೇಳಿದಷ್ಟು ಸಲ ಹಾರ ಹಾಕುತ್ತಾರೆ. ಪತ್ರಿಕೆಗೆ ಬರುವ ಕವಿತೆಗಳೂ ಹಾಗೇ. ಲಯದ ಮಾತೆತ್ತಿದರೆ “ಭಾವ ಇದೆಯಲ್ಲ ಸಾರ್” ಅನ್ನುತ್ತಾರೆ.

ಈ ಸಲ ನಿಮ್ಮೂರ ಹರಕೆ ಬಯಲಾಟಕ್ಕೆ ವೇಷ ಕಟ್ಟುವ ಚೌಕಿಯ ಪೂಜೆಯ ಹೊತ್ತಿಗೇ ಹೋಗಿ. ಪೂರ್ವರಂಗದ ಕೋಡಂಗಿ, ಬಾಲಗೋಪಾಲರನ್ನೂ ಬಿಡದೆ ನೋಡಿ. ಆಮೇಲೂ ಸುಮ್ನೆ ಹೊತ್ತು ಕಳೆದ ಹಾಗಾಯಿತು ಅನ್ನಿಸಿದರೆ ಬರೆಯಿರಿ. ಒಂದು ಅಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.

— ಸಂ.