ಕಣ್ಣಿನ ನರಕ್ಕೆ ಉರಿಯೂತ ಬಂದರೆ ಬೆನ್ನಿನಿಂದ ದ್ರವ ತೆಗೆದು ಪರೀಕ್ಷಿಸುವುದು ಯಾಕೆ?

ಕಣ್ಣಿನ ನರ ಮೆದುಳಿನದೇ ಮುಂದುವರಿಕೆ. ಬೆನ್ನುಹುರಿಯ ಸುತ್ತ ಇರುವ ದ್ರವವೇ ಅದರ ಸುತ್ತಲೂ ಇರುತ್ತದೆ. ಹಾಗಾಗಿ ಕಾಯಿಲೆಯ ಸುಳಿವು ಅಲ್ಲಿ ಸಿಗಬಹುದು.

ಮುಖ್ಯವಾಗಿ ನೋಡುವುದು ಆಂಟಿಬಾಡಿಗಳು (ದೇಹದ ರಕ್ಷಣಾ ಪ್ರೋಟೀನುಗಳು) ಮೂಡಿಸುವ ಗೆರೆಗಳನ್ನು, ಅಂದರೆ ಆಲಿಗೋಕ್ಲೋನಲ್ ಬ್ಯಾಂಡ್‌ಗಳನ್ನು. ದ್ರವವನ್ನೂ ರಕ್ತದ ಸೀರಮ್ಮನ್ನೂ ಜೆಲ್ ಮೇಲೆ ಅಕ್ಕಪಕ್ಕ ಓಡಿಸುತ್ತಾರೆ. ದ್ರವದಲ್ಲಿ ಮಾತ್ರ ಎರಡೋ ಅದಕ್ಕಿಂತ ಜಾಸ್ತಿಯೋ ಗೆರೆ ಕಂಡರೆ, ಆಂಟಿಬಾಡಿ ಮೆದುಳು-ಬೆನ್ನುಹುರಿಯ ಒಳಗೇ ತಯಾರಾಗುತ್ತಿದೆ ಎಂದರ್ಥ. ಆಗ ಮಲ್ಟಿಪಲ್ ಸ್ಕ್ಲೆರೋಸಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಗೆ ಹಾನಿ ಮಾಡುವ ಕಾಯಿಲೆ) ಸಾಧ್ಯತೆ ಹೆಚ್ಚುತ್ತದೆ. ಈ ಕಾಯಿಲೆ ಗುರುತಿಸಲು ಬಳಸುವ 2017ರ ಮೆಕ್‌ಡೊನಾಲ್ಡ್ ಮಾನದಂಡವೂ ಈ ಗೆರೆಗಳಿಗೆ ತೂಕ ಕೊಟ್ಟಿದೆ. ಎರಡೂ ಕಡೆ ಅದೇ ಗೆರೆಗಳಿದ್ದರೆ ಆ ಅರ್ಥ ಬರುವುದಿಲ್ಲ.

ಎನ್‌ಎಂಒ, ಮಾಗ್ ಆಂಟಿಬಾಡಿ ಕಾಯಿಲೆ ಎಂಬ, ಕಣ್ಣಿನ ನರಕ್ಕೆ ಉರಿಯೂತ ತರುವ ಬೇರೆ ಎರಡು ಕಾಯಿಲೆಗಳಲ್ಲಿ ಈ ಗೆರೆಗಳು ಕಡಿಮೆ. ದ್ರವದಲ್ಲಿ ಬಿಳಿ ರಕ್ತಕಣ ಮೈಕ್ರೋಲೀಟರ್‌ಗೆ 50 ದಾಟಿದರೆ ಅನುಮಾನ ಅತ್ತ ವಾಲುತ್ತದೆ. ಆದರೆ ಎನ್‌ಎಂಒ ಗುರುತಾದ ಅಕ್ವಾಪೊರಿನ್-4 ಆಂಟಿಬಾಡಿಗೆ ರಕ್ತ ಪರೀಕ್ಷೆಯೇ ಒಳ್ಳೆಯದು. ಅದೊಂದಕ್ಕೋಸ್ಕರ ಸುಮ್ನೆ ಬೆನ್ನಿಗೆ ಸೂಜಿ ಹಾಕಿಸಿಕೊಳ್ಳಬೇಕಿಲ್ಲ.